ಎರಡನೇ ತರಗತಿಯ ಮಗ ಕೂತಲ್ಲಿ ಕೂರುವುದಿಲ್ಲ ಎಂದು ಶಾಲೆಯವರ ದೂರು: ಮೊದಲು ಯಾರಿಗೆ ತೋರಿಸಬೇಕು?

ದಾವಣಗೆರೆಯ ತಾಯಿ

ನಮಸ್ಕಾರ. ನನ್ನ ಮಗನಿಗೆ ಏಳು ವರ್ಷ ತುಂಬಿದೆ. ಖಾಸಗಿ ಇಂಗ್ಲಿಷ್ ಮಾಧ್ಯಮ ಶಾಲೆಯಲ್ಲಿ ಎರಡನೇ ತರಗತಿ. ಕಳೆದ ವಾರ ಪೋಷಕರ ಸಭೆಯಲ್ಲಿ ತರಗತಿಯ ಶಿಕ್ಷಕಿ ಎಲ್ಲರ ಎದುರಿಗೇ ಹೇಳಿದರು: "ನಿಮ್ಮ ಹುಡುಗ ಐದು ನಿಮಿಷ ಒಂದು ಕಡೆ ಕೂರುವುದಿಲ್ಲ. ಬೋರ್ಡಿನ ಮೇಲಿರುವುದನ್ನು ಅರ್ಧ ಬರೆದು ಪುಸ್ತಕ ಮುಚ್ಚುತ್ತಾನೆ. ಹೇಳಿದ್ದು ತಲೆಗೇ ಹೋಗುವುದಿಲ್ಲ. ಇದು ಎಡಿಎಚ್‌ಡಿ. ಡಾಕ್ಟರಿಗೆ ತೋರಿಸಿ ಚೀಟಿ ತನ್ನಿ, ಆಮೇಲೆ ಮುಂದಿನ ವರ್ಷದ ಮಾತು." ಗಮನ ನಿಲ್ಲದ, ಅತಿಯಾಗಿ ಚಡಪಡಿಸುವ ತೊಂದರೆಗೆ ಎಡಿಎಚ್‌ಡಿ ಎನ್ನುತ್ತಾರಂತೆ.

ಮನೆಯಲ್ಲಿ ಅವನು ಟ್ರ್ಯಾಕ್ಟರ್ ಚಿತ್ರ ಬಿಡಿಸುತ್ತ ಕೂತರೆ ಊಟಕ್ಕೂ ಏಳುವುದಿಲ್ಲ. ಹಾಗಿರುವಾಗ ಗಮನವೇ ಇಲ್ಲ ಎನ್ನುವುದು ಹೇಗೆ? ತೊಂದರೆಯೇ ಇಲ್ಲ ಎಂದೂ ಹೇಳಲಾರೆ. ಹೋಮ್‌ವರ್ಕ್ ಎಂದರೆ ರಂಪ. ಮೂರು ಸಲ ಕೂಗಿದ ಮೇಲೆ ತಿರುಗಿ ನೋಡುತ್ತಾನೆ. ರಾತ್ರಿ ಬಾಯಿ ತೆರೆದುಕೊಂಡು ಮಲಗುತ್ತಾನೆ, ಗೊರಕೆ ಹೊಡೆಯುತ್ತಾನೆ, ಹಾಸಿಗೆ ತುಂಬ ಹೊರಳಾಡುತ್ತಾನೆ. ಬೆಳಿಗ್ಗೆ ಎಬ್ಬಿಸುವಷ್ಟರಲ್ಲಿ ಸಾಕುಸಾಕಾಗುತ್ತದೆ. ಅತ್ತೆಯವರು "ಇವನಪ್ಪನೂ ಹೀಗೇ ಇದ್ದ, ತಾನಾಗಿ ಸರಿಹೋದ" ಎನ್ನುತ್ತಾರೆ. ಯಜಮಾನರು ಶಾಲೆಯನ್ನೇ ಬದಲಿಸೋಣ ಎನ್ನುತ್ತಾರೆ.

ಯಾರಿಗೆ ತೋರಿಸಬೇಕು? ಸ್ಕ್ಯಾನ್ ಏನಾದರೂ ಮಾಡುತ್ತಾರೆಯೇ? ಮಾತ್ರೆ ಕೊಡಲೇಬೇಕೆ?

ಬಯಲುಸೀಮೆಯವ

ಮೊದಲು ಮೊಬೈಲ್ ಕಿತ್ತುಕೊಳ್ಳಿ. ಮುಕ್ಕಾಲು ರೋಗ ಅಲ್ಲಿಯೇ ವಾಸಿಯಾಗುತ್ತದೆ.

ದಾವಣಗೆರೆಯ ತಾಯಿ

ಸರ್, ನಮ್ಮ ಮನೆಯಲ್ಲಿ ಮಕ್ಕಳ ಕೈಗೆ ಮೊಬೈಲ್ ಕೊಡುವುದಿಲ್ಲ. ಭಾನುವಾರ ಟಿವಿ ನೋಡುತ್ತಾನೆ, ಅಷ್ಟೇ.

ಸಾಗರದ ಅಜ್ಜಿ

ಚಾಕೊಲೇಟು, ಬಿಸ್ಕತ್ತು, ಸಿಹಿ ಎಲ್ಲ ನಿಲ್ಲಿಸಿ ನೋಡಮ್ಮ. ಸಕ್ಕರೆ ಒಳಗೆ ಹೋದರೆ ಮಕ್ಕಳು ಕುಣಿಯುತ್ತವೆ. ನಾನು ನಾಲ್ಕು ಮೊಮ್ಮಕ್ಕಳನ್ನು ಸಾಕಿ ಕಂಡವಳು. ಬೆಳಿಗ್ಗೆ ರಾಗಿ ಅಂಬಲಿ ಕೊಡು, ಸಂಜೆ ಬಯಲಿಗೆ ಬಿಡು. ಆಡಿ ದಣಿದ ಮಗು ಓದುವುದಕ್ಕೂ ಕೂರುತ್ತದೆ, ಮಲಗುವುದಕ್ಕೂ ಹೋಗುತ್ತದೆ.

ಹುಬ್ಬಳ್ಳಿ ಮಕ್ಕಳ ವೈದ್ಯೆ

ದಾವಣಗೆರೆಯ ತಾಯಿಯವರೇ, ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ಶಿಕ್ಷಕಿಯ ಮಾತಿನ ಮೇಲಲ್ಲ, ನೀವು ನಡುವೆ ಬರೆದುಹೋದ ಮೂರು ಸಂಗತಿಗಳ ಮೇಲೆ: ಬಾಯಿ ತೆರೆದು ಮಲಗುವುದು, ಗೊರಕೆ, ಮೂರು ಸಲ ಕರೆದ ಮೇಲೆ ತಿರುಗುವುದು. ಮೂಗಿನ ಹಿಂಭಾಗದಲ್ಲಿರುವ ಅಡಿನಾಯ್ಡ್ ಎಂಬ ಅಂಗಾಂಶ ದಪ್ಪಗಾದಾಗ ಈ ಮೂರೂ ಒಟ್ಟಿಗೆ ಬರುತ್ತವೆ. ಅದು ಉಸಿರಿನ ದಾರಿಯನ್ನು ಇಕ್ಕಟ್ಟು ಮಾಡಿ ನಿದ್ದೆಯನ್ನು ಕೆಡಿಸುತ್ತದೆ. ಮೂಗಿನಿಂದ ಕಿವಿಗೆ ಹೋಗುವ ನಳಿಕೆಯನ್ನು ಮುಚ್ಚಿ ಕಿವಿತಮಟೆಯ ಹಿಂದೆ ದ್ರವ ನಿಲ್ಲುವಂತೆಯೂ ಮಾಡುತ್ತದೆ. ಆಗ ಮಗುವಿಗೆ ಪೂರ್ತಿ ಕಿವುಡು ಇರುವುದಿಲ್ಲ. ಮಾತು ಮಂದವಾಗಿ, ಕೆಲವು ಅಕ್ಷರಗಳು ತಪ್ಪಿಹೋಗಿ ಕೇಳಿಸುತ್ತದೆ. ನಲವತ್ತು ಮಕ್ಕಳ ಗದ್ದಲದ ನಡುವೆ ಹಿಂದಿನ ಬೆಂಚಿನಲ್ಲಿ ಕೂತ ಹುಡುಗನಿಗೆ ಪಾಠ ಹಿಡಿತಕ್ಕೆ ಸಿಗುವುದಿಲ್ಲ. ಸಿಗದಿದ್ದಾಗ ಅವನು ಎದ್ದು ತಿರುಗುತ್ತಾನೆ, ಪಕ್ಕದವನನ್ನು ಕೆಣಕುತ್ತಾನೆ. ಇನ್ನು ನಿದ್ದೆ. ನಿದ್ದೆಗೆಟ್ಟ ದೊಡ್ಡವರು ತೂಕಡಿಸುತ್ತಾರೆ, ನಿದ್ದೆಗೆಟ್ಟ ಮಕ್ಕಳಲ್ಲಿ ಬಹಳಷ್ಟು ಮಂದಿ ಚಡಪಡಿಸುತ್ತಾರೆ.

ಆದ್ದರಿಂದ ಮೊದಲು ಮಕ್ಕಳ ವೈದ್ಯರು, ಅವರ ಮೂಲಕ ಕಿವಿ ಮೂಗು ಗಂಟಲು ತಜ್ಞರು. ಜೊತೆಗೆ ಕಣ್ಣಿನ ಪರೀಕ್ಷೆ ಮತ್ತು ಹಿಮೋಗ್ಲೋಬಿನ್. ರಕ್ತಹೀನತೆ ನಮ್ಮಲ್ಲಿ ಎಷ್ಟು ಸಾಮಾನ್ಯ ಎಂದರೆ, 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡ 67ರಷ್ಟು ಮಂದಿಗೆ ಅದು ಇತ್ತು. ಕಬ್ಬಿಣಾಂಶ ಕಡಿಮೆಯಿರುವ ಮಗು ಬೇಗ ದಣಿಯುತ್ತದೆ, ಸಿಡುಕುತ್ತದೆ.

ಸ್ಕ್ಯಾನ್ ಬೇಡ. ಎಡಿಎಚ್‌ಡಿಯನ್ನು ಗುರುತಿಸುವ ಸ್ಕ್ಯಾನ್ ಆಗಲಿ ರಕ್ತಪರೀಕ್ಷೆ ಆಗಲಿ ಇಲ್ಲ. ಯಾರಾದರೂ ಹಾಗೆ ಹೇಳಿ ಹಣ ಕೇಳಿದರೆ ಎದ್ದು ಬನ್ನಿ. ಅದನ್ನು ಗುರುತಿಸುವುದು ಮಗುವಿನ ಚರಿತ್ರೆಯಿಂದ. ಲಕ್ಷಣಗಳು ಆರು ತಿಂಗಳಾದರೂ ಇರಬೇಕು, ಹನ್ನೆರಡು ವರ್ಷಕ್ಕೆ ಮೊದಲೇ ಕಾಣಿಸಿಕೊಂಡಿರಬೇಕು, ಮನೆ ಮತ್ತು ಶಾಲೆ ಹೀಗೆ ಕನಿಷ್ಠ ಎರಡು ಕಡೆ ಕಾಣಬೇಕು, ಮಗುವಿನ ಕಲಿಕೆಗೋ ಒಡನಾಟಕ್ಕೋ ನಿಜವಾದ ಅಡ್ಡಿ ಆಗುತ್ತಿರಬೇಕು. ಗಮನದ ಪಟ್ಟಿಯಲ್ಲಿ ಒಂಬತ್ತು, ಅತಿಚಟುವಟಿಕೆ ಮತ್ತು ದುಡುಕಿನ ಪಟ್ಟಿಯಲ್ಲಿ ಒಂಬತ್ತು ಲಕ್ಷಣಗಳಿವೆ. ಮಕ್ಕಳಲ್ಲಿ ಯಾವುದಾದರೂ ಒಂದು ಪಟ್ಟಿಯಲ್ಲಿ ಆರು ಇರಬೇಕು. ಪೋಷಕರಿಗೊಂದು, ಶಿಕ್ಷಕರಿಗೊಂದು ಪ್ರಶ್ನಾವಳಿ ಕೊಟ್ಟು ಎರಡನ್ನೂ ಹೋಲಿಸುತ್ತಾರೆ. ಶಿಕ್ಷಕರು ಅನುಮಾನ ಹೇಳಬಹುದು, ಹೇಳಲೂಬೇಕು. ರೋಗನಿರ್ಣಯ ಅವರ ಕೆಲಸವಲ್ಲ, ಅದೂ ಸಭೆಯ ನಡುವೆ.

ಎರಡು ಜಡೆ

ವೈದ್ಯರ ಮಾತಿಗೆ ಒಂದು ಸೇರಿಸುತ್ತೇನೆ. "ಚಿತ್ರ ಬಿಡಿಸುತ್ತ ಗಂಟೆಗಟ್ಟಲೆ ಕೂರುತ್ತಾನೆ, ಆದ್ದರಿಂದ ಎಡಿಎಚ್‌ಡಿ ಇಲ್ಲ" ಎಂಬ ಲೆಕ್ಕ ಸರಿಯಲ್ಲ. ಇಷ್ಟದ ಕೆಲಸದಲ್ಲಿ ಮುಳುಗಿಹೋಗುವುದು ಈ ಮಕ್ಕಳಲ್ಲಿ ತುಂಬ ಸಾಮಾನ್ಯ. ಬೇಸರದ ಕೆಲಸದ ಕಡೆಗೆ ಬೇಕೆಂದಾಗ ಮನಸ್ಸನ್ನು ತಿರುಗಿಸಲು ಆಗದಿರುವುದೇ ಅವರ ತೊಂದರೆ.

ಸಾಗರದ ಅಜ್ಜಿ

ಸಕ್ಕರೆಯ ಬಗ್ಗೆ ಡಾಕ್ಟರಮ್ಮ ಏನೂ ಹೇಳಲಿಲ್ಲವಲ್ಲ.

ಹುಬ್ಬಳ್ಳಿ ಮಕ್ಕಳ ವೈದ್ಯೆ

ಹೇಳುತ್ತೇನೆ ಅಮ್ಮ. 1994ರಲ್ಲಿ ಅಮೆರಿಕದಲ್ಲಿ ಒಂದು ಪ್ರಯೋಗ ನಡೆಯಿತು. ಐದರಿಂದ ಏಳು ವರ್ಷದ ಹುಡುಗರಿಗೆ ಸಕ್ಕರೆಯೇ ಇಲ್ಲದ ಪಾನೀಯ ಕೊಟ್ಟು, ಅರ್ಧದಷ್ಟು ತಾಯಂದಿರಿಗೆ "ನಿಮ್ಮ ಮಗನಿಗೆ ತುಂಬ ಸಕ್ಕರೆ ಕೊಟ್ಟಿದ್ದೇವೆ" ಎಂದು ಹೇಳಿದರು. ಆ ತಾಯಂದಿರಿಗೆ ತಮ್ಮ ಮಕ್ಕಳು ಹೆಚ್ಚು ಚಟುವಟಿಕೆಯಿಂದ ಕುಣಿದಂತೆ ಕಂಡಿತು. ಮರುವರ್ಷ ಹಲವು ಅಧ್ಯಯನಗಳನ್ನು ಕೂಡಿಸಿ ನೋಡಿದಾಗಲೂ ಸಕ್ಕರೆಗೂ ಮಕ್ಕಳ ನಡವಳಿಕೆಗೂ ಸಂಬಂಧ ಕಾಣಲಿಲ್ಲ. ಹಲ್ಲು ಹುಳುಕು, ಬೊಜ್ಜು ಎಂಬ ಕಾರಣಕ್ಕೆ ಸಿಹಿ ಕಡಿಮೆ ಮಾಡುವುದು ಖಂಡಿತ ಒಳ್ಳೆಯದು. ಸಂಜೆ ಬಯಲಿಗೆ ಬಿಡಬೇಕು ಎಂದಿರಲ್ಲ, ಆ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ ಇದೆ.

ಅಂಗಡಿ ಬೀದಿ

ಸಕ್ಕರೆ ಬಿಡಿ, ಬಣ್ಣದ ವಿಷಯವನ್ನು ಹಗುರವಾಗಿ ತಳ್ಳಿಹಾಕಬೇಡಿ. 2007ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿ ಕೃತಕ ಬಣ್ಣಗಳ ಮಿಶ್ರಣ ಮತ್ತು ತಿನಿಸು ಕೆಡದಂತೆ ಹಾಕುವ ಸೋಡಿಯಂ ಬೆಂಜೊಯೇಟ್ ಕೊಟ್ಟು ನೋಡಿದಾಗ ಸಾಮಾನ್ಯ ಮಕ್ಕಳಲ್ಲಿಯೂ ಚಟುವಟಿಕೆ ಸ್ವಲ್ಪ ಹೆಚ್ಚಿತ್ತು. ಆಮೇಲೆ ಯುರೋಪಿನಲ್ಲಿ ಆ ಬಣ್ಣಗಳಿರುವ ತಿನಿಸಿನ ಮೇಲೆ, ಮಕ್ಕಳ ಗಮನದ ಮೇಲೆ ಪರಿಣಾಮ ಆಗಬಹುದು ಎಂದು ಅಚ್ಚು ಹಾಕುವುದನ್ನು ಕಡ್ಡಾಯ ಮಾಡಿದರು. ನಮ್ಮ ಸರ್ಕಾರವೂ 2024ರ ಮಾರ್ಚಿನಲ್ಲಿ ಗೋಬಿ ಮಂಚೂರಿಗೆ ಬಣ್ಣ ಹಾಕಬಾರದೆಂದು ಆದೇಶ ಮಾಡಿತಲ್ಲ.

ಹುಬ್ಬಳ್ಳಿ ಮಕ್ಕಳ ವೈದ್ಯೆ

ಸೌತಾಂಪ್ಟನ್ ವಿಷಯ ಸರಿ. ಪರಿಣಾಮ ಚಿಕ್ಕದು, ಆದರೆ ಇದೆ. ಗೋಬಿ ಮತ್ತು ಬಾಂಬೆ ಮಿಠಾಯಿಯ ಆದೇಶಕ್ಕೆ ಕಾರಣ ಬೇರೆ: ಪರೀಕ್ಷೆಗೆ ಕಳಿಸಿದ ಮಾದರಿಗಳಲ್ಲಿ ರೊಡಮೈನ್-ಬಿಯಂಥ, ತಿನ್ನಲೇಬಾರದ ಬಣ್ಣ ಸಿಕ್ಕಿತ್ತು. ಎರಡನ್ನೂ ಬೆರೆಸಬೇಡಿ.

ಬೆಣ್ಣೆದೋಸೆ ಅಭಿಮಾನಿ

ದಾವಣಗೆರೆಯಲ್ಲಿದ್ದು ಗೋಬಿ ಮಂಚೂರಿ ಯಾಕೆ ತಿನ್ನಬೇಕು? ನಮ್ಮ ಊರಿನ ಬೆಣ್ಣೆದೋಸೆಗೆ ಯಾವ ಬಣ್ಣವೂ ಬೇಡ.

ನಿರ್ವಾಹಕರು

ತಿಂಡಿಯ ಚರ್ಚೆಗೆ ಬೇರೆ ಅಂಕಣ ಇದೆ. ಇಲ್ಲಿ ಎರಡು ವಿನಂತಿ: ಶಾಲೆ, ವೈದ್ಯರ ಹೆಸರು ಬರೆಯಬೇಡಿ, ಔಷಧದ ಪ್ರಮಾಣ ಬರೆಯಬೇಡಿ.

ಬಯಲುಸೀಮೆಯವ

ಇಷ್ಟು ದೊಡ್ಡ ಪಟ್ಟಿ ಓದಿದರೆ ಪ್ರತಿ ಮನೆಯಲ್ಲೂ ಒಬ್ಬ ರೋಗಿ ಸಿಗುತ್ತಾನೆ. ನಾವು ಓದುವಾಗ ಒಂದೇ ಕೊಠಡಿಯಲ್ಲಿ ನಾಲ್ಕು ತರಗತಿ ನಡೆಯುತ್ತಿದ್ದವು. ಯಾರಿಗೂ ಎಡಿಎಚ್‌ಡಿ ಇರಲಿಲ್ಲ. ಮಕ್ಕಳು ಮಕ್ಕಳ ಹಾಗೆ ಇರುವುದನ್ನೇ ರೋಗ ಎಂದು ಕರೆದು ಮಾತ್ರೆ ಮಾರುವ ಕಾಲ ಇದು. ಅಮೆರಿಕದಲ್ಲಿ ಏನಾಗಿದೆ ನೋಡಿ.

ನಿವೃತ್ತ ಮುಖ್ಯೋಪಾಧ್ಯಾಯ

ಬಯಲುಸೀಮೆಯವರೇ, ನಾನು ಅದೇ ಕಾಲದ ಶಾಲೆಗಳಲ್ಲಿ ಪಾಠ ಮಾಡಿದವನು. ಯಾರಿಗೂ ಇರಲಿಲ್ಲ ಎನ್ನುವ ಮಾತನ್ನು ನಾನು ಒಪ್ಪಲಾರೆ. ಇದ್ದರು. ಮುಕ್ಕಾಲು ಪಾಲು ಸಮಯ ತರಗತಿಯ ಹೊರಗೆ ಬಗ್ಗಿ ನಿಂತಿರುತ್ತಿದ್ದ ಹುಡುಗರು ಅವರು. ನಾಲ್ಕನೆಯ ತರಗತಿಯಲ್ಲಿ ಎರಡು ಸಲ ನಪಾಸಾಗಿ ದನ ಕಾಯಲು ಹೋದವರು, ಗ್ಯಾರೇಜು ಸೇರಿದವರು. ಆ ಮಕ್ಕಳಿಗೆ ಶಾಲೆ ಇಟ್ಟ ಹೆಸರು "ದಡ್ಡ", "ಪೋಕರಿ". ಹಾಜರಿ ಪುಸ್ತಕದಲ್ಲಿ ಕೆಂಪು ಗೆರೆ ಎಳೆದು ಹೆಸರು ಹೊಡೆದುಹಾಕಿದರೆ ಸಮಸ್ಯೆ ಮುಗಿಯಿತು ಎಂದು ವ್ಯವಸ್ಥೆ ತಿಳಿದಿತ್ತು. ಸಮಸ್ಯೆ ಶಾಲೆಯಿಂದ ಹೋಯಿತು, ಹುಡುಗನಿಂದ ಹೋಗಲಿಲ್ಲ. ಅವರಲ್ಲಿ ಎಷ್ಟೋ ಮಂದಿ ಕೈಕೆಲಸದಲ್ಲಿ ಅಸಾಧಾರಣ ಚುರುಕು ತೋರಿಸಿದ್ದನ್ನು ನೋಡಿದ್ದೇನೆ. ಅದು ಅವರ ಸ್ವಂತ ಶ್ರಮ, ನಮ್ಮ ಶಾಲೆಯ ಕೊಡುಗೆ ಅಲ್ಲ.

ಇದು ಹೊಸ ಕಾಯಿಲೆಯೂ ಅಲ್ಲ. 1902ರಲ್ಲೇ ಜಾರ್ಜ್ ಸ್ಟಿಲ್ ಎಂಬ ಮಕ್ಕಳ ವೈದ್ಯರು ಲಂಡನ್ನಿನಲ್ಲಿ ಇಂಥ ಮಕ್ಕಳ ಬಗ್ಗೆ ಉಪನ್ಯಾಸ ಕೊಟ್ಟಿದ್ದರು. ಬುದ್ಧಿಗೆ ಕೊರತೆ ಇಲ್ಲ, ಆದರೂ ತಮ್ಮನ್ನು ತಾವು ತಡೆದುಕೊಳ್ಳಲಾರರು ಎಂದು ವಿವರಿಸಿದ್ದರು. ಮೊಬೈಲೂ ಇರಲಿಲ್ಲ, ಮಾತ್ರೆಯೂ ಇರಲಿಲ್ಲ ಆಗ.

ಡಲ್ಲಾಸ್ ಕನ್ನಡಿಗ

ಅಮೆರಿಕದ ಹೆಸರು ಬಂದದ್ದರಿಂದ ಬರೆಯುತ್ತಿದ್ದೇನೆ. 2022ರ ಸಮೀಕ್ಷೆಯ ಪ್ರಕಾರ ಇಲ್ಲಿ 3ರಿಂದ 17 ವರ್ಷದವರಲ್ಲಿ ಸುಮಾರು 70 ಲಕ್ಷ ಮಕ್ಕಳಿಗೆ, ಅಂದರೆ ಶೇಕಡ 11.4ರಷ್ಟು ಮಂದಿಗೆ ಒಂದಲ್ಲ ಒಂದು ಸಮಯದಲ್ಲಿ ಎಡಿಎಚ್‌ಡಿ ಎಂದು ಹೇಳಲಾಗಿದೆ. ಜಗತ್ತಿನ ಸರಾಸರಿ ಅಂದಾಜು ಶೇಕಡ 5ರ ಆಸುಪಾಸು. ಇಲ್ಲಿ ಕೆಲವರ ವಿಷಯದಲ್ಲಿ ಅವಸರ ಆಗಿದೆ ಎಂಬ ವಾದಕ್ಕೆ ತಳಹದಿ ಇದೆ. ಆದರೆ ಅದೇ ಅಮೆರಿಕದ ಕಾನೂನು 2004ರಿಂದ ಇನ್ನೊಂದು ಮಾತನ್ನೂ ಹೇಳುತ್ತದೆ: ಇಂಥ ನಿಯಂತ್ರಿತ ಮಾತ್ರೆ ತೆಗೆದುಕೊಂಡರೆ ಮಾತ್ರ ತರಗತಿಗೆ ಬಾ ಎಂದು ಶಾಲೆ ಷರತ್ತು ಹಾಕುವಂತಿಲ್ಲ.

ನನ್ನ ಮಗನಿಗೆ ಶಾಲೆಯಲ್ಲಿ ಲಿಖಿತ ಯೋಜನೆ ಇದೆ. ಮುಂದಿನ ಸಾಲಿನಲ್ಲಿ ಜಾಗ, ಪರೀಕ್ಷೆಗೆ ಹೆಚ್ಚುವರಿ ಸಮಯ, ಉದ್ದದ ಕೆಲಸವನ್ನು ತುಂಡು ಮಾಡಿ ಕೊಡುವುದು. ದಿನವೂ ಒಂದು ಕಾರ್ಡು ಮನೆಗೆ ಬರುತ್ತದೆ, ಅದರಲ್ಲಿ ಮೂರೇ ಗುರಿ. ಗುರಿ ಮುಟ್ಟಿದರೆ ಸಂಜೆ ಅವನ ಇಷ್ಟದ ಆಟ. ಇದಕ್ಕೆ ಹಣ ಬೇಕಿಲ್ಲ, ಶಿಕ್ಷಕರ ಎರಡು ನಿಮಿಷ ಬೇಕು. ದಾವಣಗೆರೆಯಲ್ಲೂ ಮಾಡಬಹುದು.

ನಲಿಕಲಿ ಶಿಕ್ಷಕಿ

ಎರಡು ನಿಮಿಷ ಎಂದು ಬರೆಯುವುದು ಸುಲಭ ಸರ್. ನನ್ನ ಕೊಠಡಿಯಲ್ಲಿ ಒಂದರಿಂದ ಮೂರನೆಯ ತರಗತಿಯವರೆಗಿನ ಮಕ್ಕಳು ಒಟ್ಟಿಗೆ ಇದ್ದಾರೆ. ಬಿಸಿಯೂಟ, ಹಾಲು, ಮೊಟ್ಟೆ, ಆನ್‌ಲೈನ್ ದಾಖಲೆ ಎಲ್ಲವೂ ನನ್ನ ತಲೆಯ ಮೇಲೆಯೇ ಇದೆ. ಆದರೂ ಮಾಡುತ್ತೇನೆ, ಏಕೆಂದರೆ ಮಾಡಿದರೆ ಫಲ ಕಾಣುತ್ತದೆ.

ಒಂದು ವಿಷಯವನ್ನು ಯಾರೂ ಎತ್ತಲಿಲ್ಲ. ಮನೆಯಲ್ಲಿ ಕನ್ನಡ, ಉರ್ದು ಅಥವಾ ಲಂಬಾಣಿ ಆಡುವ ಮಗುವನ್ನು ಇಂಗ್ಲಿಷಿನಲ್ಲಿ ಕೂರಿಸುತ್ತೇವೆ. ಏಳು ವರ್ಷದ ಮಗು ಅರ್ಥವಾಗದ ಮಾತನ್ನು ಗಂಟೆಗಟ್ಟಲೆ ಕೇಳುತ್ತ ಕೈಕಟ್ಟಿ ಕೂರಬೇಕು ಎನ್ನುವುದೇ ಅನ್ಯಾಯ. ತಾಂಡಾದಿಂದ ಬಂದ ಒಬ್ಬ ಹುಡುಗಿ ನನ್ನಲ್ಲಿ ಬಾಗಿಲ ಕಡೆಯೇ ನೋಡುತ್ತಿದ್ದಳು. ಲಂಬಾಣಿ ಬಲ್ಲ ದೊಡ್ಡ ಹುಡುಗಿಯೊಬ್ಬಳನ್ನು ಪಕ್ಕದಲ್ಲಿ ಕೂರಿಸಿದ ಮೇಲೆ ಕಲಿಕಾ ಏಣಿಯಲ್ಲಿ, ಅಂದರೆ ಪಾಠದ ಮೆಟ್ಟಿಲುಗಳಲ್ಲಿ, ಸರಸರನೆ ಮೇಲೆ ಹೋದಳು. ದಾವಣಗೆರೆ ಅಕ್ಕ, ಶಾಲೆಯಲ್ಲಿ ಹೇಳಿದ ಅದೇ ಪಾಠವನ್ನು ಮನೆಯಲ್ಲಿ ಕನ್ನಡದಲ್ಲಿ ಕಥೆಯಾಗಿ ಹೇಳಿ ನೋಡಿ. ಕೂತು ಕೇಳಿದನೋ, ಮರುಪ್ರಶ್ನೆ ಹಾಕಿದನೋ ಗಮನಿಸಿ. ಅದನ್ನು ವೈದ್ಯರಿಗೂ ಹೇಳಿ.

ಸರ್ಕಾರಿ ಶಾಲೆಗಳ ನಲಿಕಲಿ ಪದ್ಧತಿ 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದಾಗ ಅದರ ಮೂಲ ಮಾತೇ ಇದು: ಮಗು ತನ್ನ ವೇಗದಲ್ಲಿ ಕಲಿಯಲಿ, ಓಡಾಡಿ ಕಾರ್ಡು ತೆಗೆದುಕೊಳ್ಳಲಿ, ಗುಂಪು ಬದಲಿಸಲಿ. ಚಡಪಡಿಸುವ ಮಗುವಿಗೆ ಎದ್ದು ಓಡಾಡಲು ಅಲ್ಲಿ ನ್ಯಾಯವಾದ ಕಾರಣ ಇರುತ್ತದೆ. ಖಾಸಗಿ ಶಾಲೆಯ ಬೆಂಚಿನಲ್ಲಿ ಅದೇ ಓಡಾಟ ತಪ್ಪಾಗುತ್ತದೆ.

ಬಯಲುಸೀಮೆಯವ

ನಾನು ಹೇಳಿದ್ದೂ ಅದನ್ನೇ. ದೋಷ ಶಾಲೆಯದು, ಮಗುವಿನದಲ್ಲ.

ನಲಿಕಲಿ ಶಿಕ್ಷಕಿ

ಎಲ್ಲ ಮಕ್ಕಳ ವಿಷಯದಲ್ಲೂ ಹಾಗಲ್ಲ. ಎಷ್ಟೇ ಓಡಾಡಲು ಬಿಟ್ಟರೂ ಒಂದು ಕಾರ್ಡನ್ನೂ ಮುಗಿಸದ, ಮುಗಿಸಲಾಗದ್ದಕ್ಕೆ ಅಳುವ ಮಗುವೂ ನನ್ನ ಕೊಠಡಿಯಲ್ಲಿ ಇದ್ದಾನೆ. ಅವನಿಗೆ ಶಾಲೆ ಬದಲಿಸಿದರೆ ಸಾಲದು.

ಮಂಡ್ಯದ ಅಪ್ಪ

ಮಗ ಹುಟ್ಟಿದ ತಿಂಗಳು ಯಾವುದು? ಇದನ್ನು ಕೇಳಲು ಕಾರಣ ಇದೆ. ತರಗತಿಯಲ್ಲಿ ಎಲ್ಲರಿಗಿಂತ ಚಿಕ್ಕವರಾದ ಮಕ್ಕಳಿಗೆ ಎಡಿಎಚ್‌ಡಿ ಎಂಬ ಹಣೆಪಟ್ಟಿ ಹೆಚ್ಚು ಬೀಳುತ್ತದೆ ಎಂದು ಕೆನಡಾ, ಅಮೆರಿಕ ಎರಡೂ ಕಡೆಯ ದೊಡ್ಡ ಅಧ್ಯಯನಗಳು ತೋರಿಸಿವೆ. ಏಳನೆಯ ವಯಸ್ಸಿನಲ್ಲಿ ಹನ್ನೊಂದು ತಿಂಗಳ ಅಂತರ ಸಣ್ಣದಲ್ಲ.

ದಾವಣಗೆರೆಯ ತಾಯಿ

ಮೇ ಕೊನೆಯ ವಾರ. ಜೂನ್ 1ಕ್ಕೆ ವಯಸ್ಸು ಸರಿಯಾಗಿ ತುಂಬಿತು ಎಂದು ಸಂತೋಷದಿಂದ ಸೇರಿಸಿದೆವು. ತರಗತಿಯಲ್ಲಿ ಅವನೇ ಎಲ್ಲರಿಗಿಂತ ಚಿಕ್ಕವನು.

ಮಂಡ್ಯದ ಅಪ್ಪ

ಹಾಗಾದರೆ ಇದನ್ನು ವೈದ್ಯರಿಗೆ ಮೊದಲ ವಾಕ್ಯದಲ್ಲೇ ಹೇಳಿ. ಒಂದನೇ ತರಗತಿಗೆ ಆರು ವರ್ಷ ಎಂಬ ನಿಯಮ ಬಂದಾಗ ಪೋಷಕರೆಲ್ಲ ಒಂದು ವರ್ಷ ಹಾಳಾಯಿತು ಎಂದು ಗಲಾಟೆ ಮಾಡಿದರು. ಸರ್ಕಾರ 2025–26ಕ್ಕೆ ಐದು ವರ್ಷ ಐದು ತಿಂಗಳಿಗೆ ಸಡಿಲಿಸಿತು. ಆ ಸಾಲಿನ ಚಿಕ್ಕ ಮಕ್ಕಳ ಮೇಲೆ ಮುಂದಿನ ಎರಡು ಮೂರು ವರ್ಷ ಇದೇ ದೂರು ಬರುತ್ತದೆ ಎಂಬ ಭಯ ನನಗಿದೆ. ಮಗುವಿನ ವರ್ಷ ಉಳಿಸಲು ಹೋಗಿ ಮಗುವಿನ ಧೈರ್ಯ ಕಳೆಯುತ್ತಿದ್ದೇವೆ.

ಎರಡು ಜಡೆ

ಇಷ್ಟು ಹೊತ್ತು ಹುಡುಗರ ಮಾತೇ ಆಯಿತು. ನನ್ನ ಮಗಳು ಯಾರಿಗೂ ತೊಂದರೆ ಕೊಟ್ಟವಳಲ್ಲ. ಬೆಂಚಿನಿಂದ ಎದ್ದವಳಲ್ಲ. ಪ್ರತಿ ವರ್ಷವೂ ಪ್ರಗತಿಪತ್ರದಲ್ಲಿ "ಒಳ್ಳೆಯ ಹುಡುಗಿ, ಇನ್ನೂ ಗಮನ ಕೊಡಬೇಕು" ಎಂದಿರುತ್ತಿತ್ತು. ನೀರಿನ ಬಾಟಲಿ, ಜಾಮಿಟ್ರಿ ಪೆಟ್ಟಿಗೆ, ಸ್ವೆಟರ್ ಯಾವುದೂ ಮನೆಗೆ ವಾಪಸು ಬರುತ್ತಿರಲಿಲ್ಲ. ಬಲ್ಲ ಲೆಕ್ಕವನ್ನೇ ಚಿಹ್ನೆ ನೋಡದೆ ತಪ್ಪು ಮಾಡುತ್ತಿದ್ದಳು. ಒಂಬತ್ತನೆಯ ತರಗತಿಗೆ ಬಂದಾಗ ಪಾಠದ ಹೊರೆ ಏರಿತು, ಅವಳು ಕುಸಿದುಬಿಟ್ಟಳು. "ನಾನು ದಡ್ಡಿ, ನನ್ನ ಮೇಲೆ ಹಣ ಹಾಕಬೇಡಿ" ಎಂದು ಬಾತ್‌ರೂಮಿನಲ್ಲಿ ಕೂತು ಅತ್ತಳು. ಅದಾದ ಮೇಲೆಯೇ ಸರಿಯಾದ ತಪಾಸಣೆ ಆಗಿದ್ದು. ಓಡದ, ಕೂಗದ, ಒಳಗೇ ಕಳೆದುಹೋಗುವ ಬಗೆಯ ಎಡಿಎಚ್‌ಡಿ ಇದೆ, ಹುಡುಗಿಯರಲ್ಲಿ ಅದು ಕಣ್ತಪ್ಪಿ ಹೋಗುತ್ತದೆ. ಗದ್ದಲ ಮಾಡುವ ಮಗುವನ್ನು ಮಾತ್ರ ವೈದ್ಯರ ಬಳಿ ಕಳಿಸುವ ಶಾಲೆ, ಸುಮ್ಮನಿರುವ ಮಗುವನ್ನು ಒಳ್ಳೆಯ ಹುಡುಗಿ ಎಂದು ಬಿಟ್ಟುಬಿಡುತ್ತದೆ.

ರಾತ್ರಿ ಪಾಳಿ

ಎರಡು ಜಡೆಯವರ ಮಗಳ ಮಾತು ಓದಿ ಗಂಟಲು ಕಟ್ಟಿತು. ನನಗೆ ತಿಳಿದದ್ದು ಕೆಲಸಕ್ಕೆ ಸೇರಿದ ಮೇಲೆ. ಒಳಗಿನಿಂದ ಅದು ಹೇಗಿರುತ್ತದೆ ಎಂದು ಪೋಷಕರಿಗೆ ಹೇಳಬೇಕೆನಿಸಿತು: ಒಂದೇ ರೇಡಿಯೊದಲ್ಲಿ ನಾಲ್ಕು ನಿಲಯಗಳು ಒಟ್ಟಿಗೆ ಹಾಡುತ್ತಿರುತ್ತವೆ, ತಿರುಗಿಸುವ ಗುಂಡಿ ನಿಮ್ಮ ಕೈಯಲ್ಲಿ ಇರುವುದಿಲ್ಲ. ಬೈದರೆ ಐದನೆಯ ನಿಲಯ ಶುರುವಾಗುತ್ತದೆ. "ಮನಸ್ಸು ಮಾಡಿದರೆ ಮಾಡಬಲ್ಲೆ, ನಿನಗೆ ಸೋಮಾರಿತನ" ಎಂಬ ಮಾತು ನನ್ನನ್ನು ಬಹಳ ವರ್ಷ ತಿಂದಿತು. ದಯವಿಟ್ಟು ಆ ಒಂದು ಮಾತನ್ನು ಮಕ್ಕಳಿಗೆ ಹೇಳಬೇಡಿ.

ದಾವಣಗೆರೆಯ ತಾಯಿ

ಎಲ್ಲರಿಗೂ ಧನ್ಯವಾದ. ಕಿವಿ ಮೂಗು ಗಂಟಲು ತಜ್ಞರಿಗೆ ತೋರಿಸಿ ಬಂದೆವು. ಅಡಿನಾಯ್ಡ್ ದೊಡ್ಡದಾಗಿದೆ, ಎರಡೂ ಕಿವಿಗಳಲ್ಲಿ ತಮಟೆಯ ಹಿಂದೆ ದ್ರವ ಇದೆ ಎಂದರು. ಶ್ರವಣ ಪರೀಕ್ಷೆಯಲ್ಲಿ ಸ್ವಲ್ಪ ಕೊರತೆ ಬಂದಿದೆ. ಮೂಗಿಗೆ ಔಷಧ ಕೊಟ್ಟು, ಮೂರು ತಿಂಗಳು ನೋಡೋಣ, ಕಡಿಮೆಯಾಗದಿದ್ದರೆ ಶಸ್ತ್ರಚಿಕಿತ್ಸೆಯ ಯೋಚನೆ ಮಾಡೋಣ ಎಂದಿದ್ದಾರೆ. ವರದಿ ತೋರಿಸಿದ ಮೇಲೆ ಶಿಕ್ಷಕಿ ಅವನನ್ನು ಮೊದಲ ಬೆಂಚಿಗೆ ತಂದಿದ್ದಾರೆ.

ಬಯಲುಸೀಮೆಯವ

ನೋಡಿದಿರಾ! ಕಿವಿಯ ಸಮಸ್ಯೆಗೆ ತಲೆಯ ಕಾಯಿಲೆ ಎಂದು ಚೀಟಿ ಕೇಳಿದ್ದರು. ಅವಸರದಲ್ಲಿ ಮಾತ್ರೆ ಶುರು ಮಾಡಿದ್ದರೆ?

ಹುಬ್ಬಳ್ಳಿ ಮಕ್ಕಳ ವೈದ್ಯೆ

ಯಾವ ಒಳ್ಳೆಯ ವೈದ್ಯರೂ ಹಾಗೆ ಅವಸರದಲ್ಲಿ ಮಾತ್ರೆ ಬರೆಯುವುದಿಲ್ಲ. ಇನ್ನೊಂದು ಮಾತು: ಕಿವಿಯಲ್ಲಿ ದ್ರವ ಸಿಕ್ಕಿತು ಎಂದ ಮಾತ್ರಕ್ಕೆ ಎಡಿಎಚ್‌ಡಿ ಇಲ್ಲವೆಂದೂ ಆಗುವುದಿಲ್ಲ. ಎರಡೂ ಒಟ್ಟಿಗೆ ಇರಬಹುದು. ಅಪ್ಪನೂ ಚಿಕ್ಕಂದಿನಲ್ಲಿ ಹಾಗೆಯೇ ಇದ್ದರು ಎಂದು ಮಗುವಿನ ಅಜ್ಜಿ ಹೇಳಿದ್ದಾರೆ, ಇದರಲ್ಲಿ ವಂಶವಾಹಿಯ ಪಾಲು ದೊಡ್ಡದು. ಕಿವಿ, ನಿದ್ದೆ ಸರಿಹೋದ ಮೇಲೂ ಮನೆಯಲ್ಲಿ, ಶಾಲೆಯಲ್ಲಿ ತೊಂದರೆ ಉಳಿದರೆ ಪ್ರಶ್ನಾವಳಿ ತುಂಬಿಸಿ ಮಕ್ಕಳ ಮನೋವೈದ್ಯರಿಗೆ ತೋರಿಸಿ.

ಅಂಗಡಿ ಬೀದಿ

ಮಾತ್ರೆ ಅಂದರೆ ಮಗುವನ್ನು ಮಂಕು ಮಾಡುವ ಔಷಧ ತಾನೆ? ನಮ್ಮ ಪಕ್ಕದ ಮನೆಯವರು ಆ ಹೆದರಿಕೆಯಿಂದಲೇ ತೋರಿಸುತ್ತಿಲ್ಲ.

ಹುಬ್ಬಳ್ಳಿ ಮಕ್ಕಳ ವೈದ್ಯೆ

ನಿದ್ದೆ ಬರಿಸುವ ಔಷಧ ಅಲ್ಲ. ಹೆಚ್ಚಾಗಿ ಬಳಸುವ ಮೀಥೈಲ್‌ಫೆನಿಡೇಟ್ ಮೆದುಳಿನಲ್ಲಿ ಸಂದೇಶ ಸಾಗಿಸುವ ರಾಸಾಯನಿಕಗಳಾದ ಡೋಪಮಿನ್ ಮತ್ತು ನಾರ್‌ಅಡ್ರಿನಲಿನ್ ಹೆಚ್ಚು ಹೊತ್ತು ಕೆಲಸ ಮಾಡುವಂತೆ ಮಾಡುತ್ತದೆ. ಅಮೆರಿಕದಲ್ಲಿ ಅದಕ್ಕೆ ಅನುಮತಿ ಸಿಕ್ಕಿದ್ದು 1955ರಲ್ಲಿ, ಆದ್ದರಿಂದ ಅದರ ಗುಣದೋಷ ಚೆನ್ನಾಗಿ ಗೊತ್ತಿದೆ. ಹಸಿವು ಕಡಿಮೆಯಾಗುವುದು, ನಿದ್ದೆ ತಡವಾಗುವುದು ಸಾಮಾನ್ಯ ಅಡ್ಡಪರಿಣಾಮಗಳು. ಎತ್ತರ, ತೂಕ, ನಾಡಿ, ರಕ್ತದೊತ್ತಡ ನೋಡುತ್ತಿರಬೇಕು. ಮಗು ಮಂಕಾಯಿತು ಎಂದರೆ ಪ್ರಮಾಣ ಸರಿಯಿಲ್ಲ ಅಥವಾ ಆ ಔಷಧ ಹೊಂದಲಿಲ್ಲ ಎಂದರ್ಥ, ವೈದ್ಯರಿಗೆ ತಕ್ಷಣ ತಿಳಿಸಬೇಕು. ಹೊಂದದವರಿಗೆ ಅಟೊಮಾಕ್ಸೆಟಿನ್‌ನಂಥ ಬೇರೆ ಔಷಧಗಳಿವೆ.

ಆರು ವರ್ಷದೊಳಗಿನ ಮಕ್ಕಳಿಗೆ ಮೊದಲ ಚಿಕಿತ್ಸೆ ಮಾತ್ರೆ ಅಲ್ಲ, ತಂದೆತಾಯಿಗೆ ಕೊಡುವ ತರಬೇತಿ. ಅದಕ್ಕಿಂತ ದೊಡ್ಡವರಿಗೂ ಮಾತ್ರೆಯ ಜೊತೆ ಆ ತರಬೇತಿ ಬೇಕು. ಒಂದು ಸಲಕ್ಕೆ ಒಂದೇ ಸೂಚನೆ, ಹತ್ತಿರ ಹೋಗಿ ಮುಖ ನೋಡಿ ಹೇಳುವುದು. "ಜಾಣ" ಎನ್ನುವ ಬದಲು "ಕರೆದ ತಕ್ಷಣ ಬಂದೆಯಲ್ಲ, ಸಂತೋಷವಾಯಿತು" ಎಂದು ಮಾಡಿದ ಕೆಲಸವನ್ನೇ ಹೆಸರಿಸಿ ಹೊಗಳುವುದು. ಸಣ್ಣ ತಂಟೆಯನ್ನು ನೋಡಿಯೂ ನೋಡದಂತೆ ಬಿಡುವುದು, ಹೊಡೆಯುವುದು ಕಚ್ಚುವುದಕ್ಕೆ ಮಾತ್ರ ಮೊದಲೇ ಹೇಳಿಟ್ಟ ಶಿಸ್ತು. ಅಮ್ಮ ಬೇಡ ಎಂದದ್ದನ್ನು ಅಜ್ಜಿ ಕೊಡಬಾರದು. ಮನೆಮಂದಿಯೆಲ್ಲ ಒಂದೇ ಮಾತಿನಲ್ಲಿ ನಿಲ್ಲುವುದೇ ಕಷ್ಟದ ಭಾಗ.

ಸಾಗರದ ಅಜ್ಜಿ

ಅಜ್ಜಿಯರ ಮೇಲೆ ಯಾಕಮ್ಮ ಬರುತ್ತೀ? ಮಗು ಅಳುವಾಗ ಕರುಳು ಕೇಳುವುದಿಲ್ಲ. ಆದರೂ ನೀನು ಹೇಳಿದ್ದನ್ನು ಮಗಳಿಗೆ ಓದಿ ಹೇಳುತ್ತೇನೆ.

ಎರಡು ಜಡೆ

ಮೀಥೈಲ್‌ಫೆನಿಡೇಟ್ ಮಾದಕವಸ್ತು ನಿಯಂತ್ರಣ ಕಾಯ್ದೆಯ ಪಟ್ಟಿಯಲ್ಲಿ ಇರುವುದರಿಂದ ಎಲ್ಲ ಔಷಧ ಅಂಗಡಿಗಳಲ್ಲೂ ಸಿಗುವುದಿಲ್ಲ. ಆ ಕಾಯ್ದೆಯ ಹೆಸರು ಕೇಳಿಯೇ ನಮ್ಮ ಮನೆಯಲ್ಲಿ ಎಲ್ಲರೂ ಬೆಚ್ಚಿದ್ದರು. ವೈದ್ಯರ ಚೀಟಿ ಇದ್ದರೆ ಅದು ಪೂರ್ತಿ ಕಾನೂನುಬದ್ಧ. ಚಿಕ್ಕ ಊರಿನವರು ಮುಗಿಯುವ ಮೊದಲೇ ಅಂಗಡಿಗೆ ಹೇಳಿಟ್ಟು ತರಿಸಿಕೊಳ್ಳಿ. ಮಗಳಿಗೆ ಔಷಧದಿಂದ ಓದು ಹಿಡಿತಕ್ಕೆ ಬಂದಿದೆ. ನಗು ಹೋಗಿಲ್ಲ.

ನಿವೃತ್ತ ಮುಖ್ಯೋಪಾಧ್ಯಾಯ

ಚೀಟಿ ತಂದರೆ ಮಾತ್ರ ಮುಂದಿನ ವರ್ಷ ಎಂದ ಶಾಲೆಯ ಬಗ್ಗೆ ಎರಡು ಮಾತು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಎಂಟನೆಯ ತರಗತಿ ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ. ಅದರ 17ನೆಯ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸುತ್ತದೆ. ಜಗಳಕ್ಕೆ ಹೋಗಬೇಡಿ, ಆದರೆ ಕಾನೂನು ಗೊತ್ತಿದೆ ಎಂಬುದು ಅವರಿಗೆ ತಿಳಿಯುವ ಹಾಗೆ ಬರವಣಿಗೆಯಲ್ಲಿ ಪತ್ರ ಕೊಡಿ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆ ಇದೆ, ಎಡಿಎಚ್‌ಡಿ ಪ್ರತ್ಯೇಕವಾಗಿ ಇಲ್ಲ. ಇದು ದೊಡ್ಡ ಕೊರತೆ ಎಂದು ನನ್ನ ಅಭಿಪ್ರಾಯ. ಓದು ಬರಹದ ತೊಡಕು ಜೊತೆಗಿದ್ದರೆ ಅದನ್ನೂ ತಪಾಸಣೆ ಮಾಡಿಸಿ, ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯದಂಥ ಸೌಲಭ್ಯಕ್ಕೆ ಆ ಪ್ರಮಾಣಪತ್ರ ಬೇಕಾಗುತ್ತದೆ.

ಕೊಪ್ಪಳದ ಆಶಾ

ಹಣ ಇಲ್ಲದವರು ಎಲ್ಲಿಗೆ ಹೋಗಬೇಕು ಎಂದು ಯಾರೂ ಬರೆಯಲಿಲ್ಲ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೆ, ಸರ್ಕಾರಿ ಶಾಲೆಗೆ ಬರುತ್ತದೆ. ಅವರು ನೋಡಬೇಕಾದ ಪಟ್ಟಿಯಲ್ಲಿ ಕಿವಿ, ಕಣ್ಣು, ಕಲಿಕೆಯ ತೊಂದರೆ, ಎಡಿಎಚ್‌ಡಿ ಎಲ್ಲವೂ ಇದೆ. ಬಂದ ದಿನ ಮಗುವನ್ನು ತಪ್ಪಿಸದೆ ಕಳಿಸಿ, ನಿಮ್ಮ ಅನುಮಾನ ಬಾಯಿಬಿಟ್ಟು ಹೇಳಿ. ಜಿಲ್ಲಾಸ್ಪತ್ರೆಯ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ ಅವರೇ ಬರೆದುಕೊಡುತ್ತಾರೆ. ಅದಕ್ಕೂ ಮೇಲೆ ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯ ಸಂಸ್ಥೆಗಳಿವೆ. ಮಾತು ಮತ್ತು ಕಿವಿಗೆ ಮೈಸೂರಿನ ವಾಕ್ ಶ್ರವಣ ಸಂಸ್ಥೆ. ಫೋನಿನಲ್ಲೇ ಕೇಳಬೇಕಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416, ಕನ್ನಡದಲ್ಲಿ ಮಾತನಾಡುತ್ತಾರೆ, ಹಣ ಇಲ್ಲ.

ಅಫಜಲಪುರ ಗೃಹಿಣಿ

ನನ್ನದು ಸ್ವಲ್ಪ ಬೇರೆ. ಎಂಟು ವರ್ಷದ ಮಗಳು ಮಾತಿನ ನಡುವೆ ಇದ್ದಕ್ಕಿದ್ದಂತೆ ನಿಂತುಬಿಡುತ್ತಾಳೆ. ಕಣ್ಣು ಒಂದೇ ಕಡೆ ನೆಡುತ್ತದೆ, ಕರೆದರೂ, ಮುಟ್ಟಿದರೂ ಗೊತ್ತಾಗುವುದಿಲ್ಲ. ಹತ್ತು ಹದಿನೈದು ಸೆಕೆಂಡ್. ಆಮೇಲೆ ಏನೂ ಆಗದವಳಂತೆ ಮುಂದುವರಿಸುತ್ತಾಳೆ. ದಿನಕ್ಕೆ ಎಷ್ಟೋ ಸಲ. ಶಾಲೆಯಲ್ಲಿ ಹಗಲುಗನಸು ಎಂದು ಬೆಂಚಿನ ಮೇಲೆ ನಿಲ್ಲಿಸುತ್ತಾರೆ. ಇದೂ ಎಡಿಎಚ್‌ಡಿಯೇ?

ಹುಬ್ಬಳ್ಳಿ ಮಕ್ಕಳ ವೈದ್ಯೆ

ಇದನ್ನು ಮುಂದೂಡಬೇಡಿ. ಮುಟ್ಟಿದರೂ ಎಚ್ಚರವಾಗದ, ದಿನಕ್ಕೆ ಹಲವು ಸಲ ಬರುವ, ಕೆಲವೇ ಸೆಕೆಂಡಿನ ಇಂಥ ನಿಲುಗಡೆ ಒಂದು ಬಗೆಯ ಅಪಸ್ಮಾರ ಇರಬಹುದು. ಕೈಕಾಲು ಅದುರುವುದಿಲ್ಲ, ಬಾಯಲ್ಲಿ ನೊರೆ ಬರುವುದಿಲ್ಲ, ಆದ್ದರಿಂದ ಫಿಟ್ಸ್ ಎಂದು ಯಾರಿಗೂ ಹೊಳೆಯುವುದಿಲ್ಲ. ಹಗಲುಗನಸಾದರೆ ಹೆಗಲು ಮುಟ್ಟಿದಾಗ ಮಗು ತಿರುಗುತ್ತದೆ. ಎಡಿಎಚ್‌ಡಿಯಂತಲ್ಲದೆ ಇದಕ್ಕೆ ಪರೀಕ್ಷೆ ಇದೆ, ಮೆದುಳಿನ ವಿದ್ಯುತ್ ಚಟುವಟಿಕೆಯನ್ನು ದಾಖಲಿಸುವ ಇಇಜಿ. ಔಷಧಕ್ಕೆ ಬಹಳ ಮಕ್ಕಳು ಚೆನ್ನಾಗಿ ಸ್ಪಂದಿಸುತ್ತಾರೆ. ಈ ವಾರವೇ ಕಲಬುರಗಿಗೆ ಹೋಗಿ ಮಕ್ಕಳ ವೈದ್ಯರನ್ನೋ ನರರೋಗ ತಜ್ಞರನ್ನೋ ಕಾಣಿ. ಅಲ್ಲಿಯವರೆಗೆ ಕೆರೆ, ಬಾವಿ, ಒಲೆಯ ಹತ್ತಿರ ಒಬ್ಬಳನ್ನೇ ಬಿಡಬೇಡಿ, ರಸ್ತೆ ದಾಟುವಾಗ ಕೈ ಹಿಡಿದಿರಿ. ಬೆಂಚಿನ ಮೇಲೆ ನಿಲ್ಲಿಸುವುದನ್ನು ನಾಳೆಯೇ ನಿಲ್ಲಿಸಲು ಹೇಳಿ, ಬಿದ್ದರೆ ಗತಿ ಏನು?

ಅಫಜಲಪುರ ಗೃಹಿಣಿ

ಓದಿ ಕೈಕಾಲು ನಡುಗಿತು. ನಾಡಿದ್ದು ಹೊರಡುತ್ತೇವೆ. ಮೊಬೈಲಿನಲ್ಲಿ ವಿಡಿಯೊ ತೆಗೆದರೆ ಉಪಯೋಗವೇ?

ಹುಬ್ಬಳ್ಳಿ ಮಕ್ಕಳ ವೈದ್ಯೆ

ತುಂಬ ಉಪಯೋಗ. ಮುಖ ಮತ್ತು ಎರಡೂ ಕೈ ಕಾಣುವ ಹಾಗೆ ಹಿಡಿಯಿರಿ. ರೆಪ್ಪೆ ಅಲುಗುತ್ತದೆಯೇ, ತುಟಿ ಚಪ್ಪರಿಸುತ್ತಾಳೆಯೇ ಎಂಬುದು ಕಾಣಬೇಕು. ನಡುವೆ ಅವಳ ಹೆಸರು ಹಿಡಿದು ಕರೆಯಿರಿ, ಹೆಗಲು ಮುಟ್ಟಿ. ಎಚ್ಚರವಾದ ತಕ್ಷಣ "ಈಗ ನಾನು ಏನು ಹೇಳಿದೆ" ಎಂದು ಕೇಳಿ, ಅವಳ ಉತ್ತರವೂ ವಿಡಿಯೊದಲ್ಲಿ ಬರಲಿ. ಮನೆಯಲ್ಲಿ ಬೇರೆ ಯಾರಿಗಾದರೂ ಫಿಟ್ಸ್ ಇತ್ತೇ ಎಂದು ತವರಿನಲ್ಲೂ ಗಂಡನ ಮನೆಯಲ್ಲೂ ವಿಚಾರಿಸಿಕೊಂಡು ಹೋಗಿ, ವೈದ್ಯರು ಕೇಳುತ್ತಾರೆ.